ಎಡಗಡೆಯ ಮುಂದಿನ ಗಾಲಿ

ಗಾಲಿಯೊಂದನ್ನು ಬಿಚ್ಚಿ ಮುಂದೆ ಇಟ್ಟರೆ ಸಾಕು, ಅದಕ್ಕೆ ಏನಾಗಿದೆ ಎಂದು ಹೊನ್ನೂರಸ್ವಾಮಿ ಹೇಳುತ್ತಿದ್ದ. ಏನಾಗಿದೆ ಎಂಬುದನ್ನಷ್ಟೇ ಅಲ್ಲ, ಹೇಗಾಯಿತು ಎಂಬುದನ್ನೂ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅವನ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಕಾರಿನ ಗಾಲಿಗಳ ಬೆಂಡು ತೆಗೆಯುವುದು, ಬ್ಯಾಲೆನ್ಸಿಂಗು, ಅಲೈನ್‌ಮೆಂಟು ಇಷ್ಟೇ ಅವನ ಕೆಲಸ. ಎಂಜಿನ್ನಿನ ತಂಟೆಗೆ ಹೋದವನಲ್ಲ.

ಒಮ್ಮೆ ಪಾರ್ವತಿನಗರದಿಂದ ಚಿದಾನಂದಪ್ಪ ಎಂಬ ನಿವೃತ್ತ ಮೇಷ್ಟ್ರು ಬಂದರು. ಕಾರು ಅರವತ್ತರ ವೇಗ ದಾಟಿದರೆ ಸ್ಟೇರಿಂಗು ನಡುಗುತ್ತದೆ, ಗುಂಡಿಗೆ ಬಿದ್ದಿತ್ತು ಎಂದರು. ಹೊನ್ನೂರಸ್ವಾಮಿ ಗಾಲಿ ಬಿಚ್ಚಿ ಮಿಷನ್ನಿಗೆ ಹಾಕಿ ತಿರುಗಿಸಿದ. ತಿರುಗುವ ಅಂಚಿಗೆ ಸೀಮೆಸುಣ್ಣ ಹಿಡಿದ. ಉಬ್ಬಿದ ಕಡೆ ಬಿಳಿ ಗೀರು ಬಿತ್ತು.

"ಇದು ಗುಂಡಿ ಅಲ್ಲ ಬಿಡ್ರಿ ಮೇಷ್ಟ್ರೇ," ಎಂದ. "ಗುಂಡಿಗೆ ಬಿದ್ರ ರಿಮ್ಮಿನ ಒಳಗಿನ ಅಂಚು ಬಗ್ಗತೈತಿ. ಮುಂದಿನ ಗಾಲಿ ಬಿದ್ದ ಗುಂಡಿಗೆ ಹಿಂದಿಂದೂ ಬೀಳತೈತಿ, ಅದಕ್ಕೂ ಒಂದು ಪೆಟ್ಟು ಇರ್ತೈತಿ. ಇಲ್ಲಿ ನೋಡ್ರಿ, ಹೊರಗಿನ ಅಂಚು ಹೋಗೈತಿ, ಸಿಮೆಂಟ್ ಪುಡಿ ಇನ್ನೂ ಅಂಟೈತಿ. ಗೇಟಿನ ಕಟ್ಟಿಗೆ ಗುದ್ದೀರಿ."

ಮೇಷ್ಟ್ರು ಸುತ್ತ ನೋಡಿ ದನಿ ತಗ್ಗಿಸಿದರು. "ನಮ್ಮ ಮನಿಯಾಕಿಗೆ ಗಾಡಿ ಕಲಿಸಾಕತ್ತೀನಿ. ಆಕಿ ಹೆಸರು ಯಾಕ ಹೇಳ್ಬೇಕಂತ ಸುಮ್ನಿದ್ದೆ, ಹೊನ್ನೂರಪ್ಪಾ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು, ಹಳೆಯ ಟೈರುಗಳ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ ಅವನ ಒಬ್ಬಳೇ ಮಗಳು ಸುಮಂಗಲಾ. ಆಗ ಅವಳಿಗೆ ಹನ್ನೊಂದು ವರ್ಷ. ಭಾನುವಾರ ಸಾಲೆ ಇಲ್ಲದಾಗ ಅಪ್ಪನ ಜೊತೆ ಅಂಗಡಿಗೆ ಬಂದುಬಿಡುತ್ತಿದ್ದಳು. ಅವನು ಅವಳಿಗೆ ಒಂದು ಆಟ ಕಲಿಸಿದ್ದ. ಗಿರಾಕಿ ಹೇಳುವುದನ್ನು ಕೇಳಿಸಿಕೊಳ್ಳದೆ, ಬರೀ ಗಾಲಿ ನೋಡಿ ಹೇಳಬೇಕು. ಅವಳು ಅಂಚಿನ ಮೇಲೆ ಬೆರಳಾಡಿಸಿ "ಕಲ್ಲು" ಅಂತಲೋ "ಗುಂಡಿ" ಅಂತಲೋ ಹೇಳುವಳು. ಸೀಳು ಬಿಟ್ಟ ಗಾಲಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ದನಿ ಮಂಕಾಗಿರುತ್ತದೆ ಎಂಬುದನ್ನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಕಣ್ಣುಮುಚ್ಚಿ ಹೇಳುತ್ತಿದ್ದಳು. "ನಿನ್ನ ಗಂಡನ ಕಾರಿಗೆ ನೀನ ಡಾಕ್ಟ್ರು," ಎಂದು ಹೊನ್ನೂರಸ್ವಾಮಿ ತಮಾಷೆ ಮಾಡುತ್ತಿದ್ದ.

ಸುಮಂಗಲಾ ಗಾಲಿಯ ಡಾಕ್ಟರಾಗಲಿಲ್ಲ. ಲ್ಯಾಬ್ ಟೆಕ್ನಿಷಿಯನ್ ಓದಿದಳು. ಓದು ಮುಗಿದ ಮೇಲೆ ಸಿರುಗುಪ್ಪದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೇ ಹುಲುಗೇಶನ ಮನೆಯವರು ಅವಳನ್ನು ನೋಡಿ ಕೇಳಿ ಬಂದದ್ದು. ಹುಡುಗ ಇಂಜಿನಿಯರು, ಕಾಲುವೆ ಕೆಲಸ ಮಾಡಿಸುವ ಗುತ್ತಿಗೆದಾರರೊಬ್ಬರ ಬಳಿ ಸೈಟ್ ನೋಡಿಕೊಳ್ಳುತ್ತಿದ್ದ. ಕುಡಿಯುವವನಲ್ಲ, ಎಲೆ ಅಡಿಕೆಯನ್ನೂ ಮುಟ್ಟುವವನಲ್ಲ. ಮಾತು ಮೃದು. ಬುದ್ಧನ ಪಟದ ಮುಂದೆ ಸರಳವಾಗಿ ಮದುವೆಯಾಗೋಣ, ಕೊಡುವುದು ತರುವುದು ಏನೂ ಬೇಡ ಎಂದವನು ಅವನೇ. ಹೊನ್ನೂರಸ್ವಾಮಿಯ ಹೆಂಡತಿ ಸುಂಕಲಮ್ಮ ಆ ಮಾತಿಗೆ ಕಣ್ಣೀರು ಹಾಕಿದಳು. ಇಂಥ ಅಳಿಯ ತಮ್ಮ ಕಡೆಯವರಲ್ಲಿ ಯಾರಿಗೂ ಸಿಕ್ಕಿಲ್ಲವೆಂದು ಕುರುಗೋಡಿನ ತವರುಮನೆಗೆ ಹೋಗಿ ಹೇಳಿ ಬಂದಳು.

ಮದುವೆಯಾಗಿ ಏಳೆಂಟು ತಿಂಗಳಿಗೆ ಮೊದಲ ಸಲ ಅವರ ಬಿಳಿ ಕಾರು ಅಂಗಡಿಗೆ ಬಂತು. ಭಾನುವಾರ, ಗಂಡ ಹೆಂಡತಿ ಇಬ್ಬರೂ ಬಂದಿದ್ದರು.

"ಸ್ಟೇರಿಂಗ್ ಸ್ವಲ್ಪ ಎಡಕ್ಕ ಎಳೀತೈತಿ ಮಾವ," ಎಂದ ಹುಲುಗೇಶ. "ಮೊನ್ನೆ ಗುಂಡಿಗೆ ಬಿತ್ತು."

ಹೊನ್ನೂರಸ್ವಾಮಿ ಎಡಗಡೆಯ ಮುಂದಿನ ಗಾಲಿ ಬಿಚ್ಚಿದ. ಒಳಗಿನ ಅಂಚು ನೆಟ್ಟಗಿತ್ತು. ಹೊರಗಿನ ಅಂಚು ಹೆಬ್ಬೆರಳಿನಷ್ಟು ಅಗಲ ಒಳಕ್ಕೆ ಮಡಚಿತ್ತು, ಮಡಚಿದ ಕಡೆ ಬೂದುಬಣ್ಣದ ಕಲ್ಲಿನ ಪುಡಿ ಕಚ್ಚಿಕೊಂಡಿತ್ತು. ಹಿಂದಿನ ಗಾಲಿಯನ್ನು ಬಗ್ಗಿ ನೋಡಿದ. ಒಂದು ಗೀರೂ ಇರಲಿಲ್ಲ.

"ಗುಂಡಿ ಅಲ್ಲಲ್ರಿ ಇದು. ಕಲ್ಲಿಗೆ ಬಡದೈತಿ," ಎಂದ.

ಹುಲುಗೇಶ ನಕ್ಕ. "ನಿಮ್ಮ ಮುಂದ ಸುಳ್ಳು ನಡೆಯಂಗಿಲ್ಲ ನೋಡ್ರಿ. ಎಮ್ಮಿ ಅಡ್ಡ ಬಂತು ಮಾವ, ತಪ್ಸಾಕ ಹೋಗಿ ರಸ್ತಿ ಕಲ್ಲಿಗೆ ಹೊಡೆದೆ. ನೀವು ಬೈತೀರಂತ ಗುಂಡಿ ಅಂದೆ."

ಹೊನ್ನೂರಸ್ವಾಮಿಯೂ ನಕ್ಕ. ಸುಮಂಗಲಾ ನಗಲಿಲ್ಲ. ಅವಳು ಬಿಚ್ಚಿಟ್ಟ ಗಾಲಿಯ ಪಕ್ಕ ನಿಂತು ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಬಿಸಿಲಿಗೆ ನಿಲ್ಲಬೇಡ, ಮನೆಗೆ ಹೋಗು, ಅವ್ವ ಕಾಯುತ್ತಿದ್ದಾಳೆ ಎಂದರೂ ಹೋಗಲಿಲ್ಲ. ಅವನು ಅಂಚನ್ನು ಬಿಸಿ ಮಾಡಿ ಒತ್ತಿ ಸರಿಮಾಡಿ, ಮತ್ತೆ ತಿರುಗಿಸಿ, ಸೋಪಿನ ನೀರು ಹಚ್ಚಿ ಗಾಳಿ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಹಾಕಿಕೊಟ್ಟ. ಮಧ್ಯಾಹ್ನ ಎಲ್ಲರೂ ಕೂತು ಉಂಡರು.

ಐದು ತಿಂಗಳ ಮೇಲೆ ಅದೇ ಕಾರು, ಅದೇ ಗಾಲಿ.

ಈ ಸಲ ಹುಲುಗೇಶ ಕಾರನ್ನು ಬಿಟ್ಟು, ಯಾರನ್ನೋ ನೋಡಿ ಬರುತ್ತೇನೆಂದು ಊರೊಳಗೆ ಹೋದ. ಸುಮಂಗಲಾ ಅಂಗಡಿಯ ಹಿಂದಿನ ಮನೆಯಲ್ಲಿದ್ದಳು. ಹೊನ್ನೂರಸ್ವಾಮಿ ಗಾಲಿಯನ್ನು ಬೆಂಚಿನ ಮೇಲೆ ಮಲಗಿಸಿ ಬಹಳ ಹೊತ್ತು ನೋಡಿದ. ಹೊರಗಿನ ಅಂಚಿನಲ್ಲಿ ಎರಡು ಪೆಟ್ಟು, ಒಂದರಿಂದ ಇನ್ನೊಂದಕ್ಕೆ ಒಂದು ಗೇಣು. ಒಂದರ ಗೀರಿನಲ್ಲಿ ಆಗಲೇ ಮಣ್ಣು ಕೂತು ಕಪ್ಪಾಗಿತ್ತು. ಇನ್ನೊಂದು ಇನ್ನೂ ಹೊಳೆಯುತ್ತಿತ್ತು. ಒಂದೇ ದಿನದ ಪೆಟ್ಟುಗಳಲ್ಲ. ತಾನು ಸರಿಮಾಡಿ ಕಳಿಸಿದ ಮೇಲೆ ಎರಡು ಸಲ ಬಡಿದಿದೆ, ಎರಡೂ ಸಲ ಎಡಕ್ಕೆ, ಎರಡೂ ಸಲ ಕಲ್ಲಿಗೆ. ಬಲಗಡೆಯ ಗಾಲಿಗಳನ್ನು ನೋಡಿದ. ಅಂಗಡಿಯಿಂದ ನಿನ್ನೆ ತಂದಂತಿದ್ದವು.

ಬರಬರುತ್ತ ಕಣ್ಣಂದಾಜು ತಪ್ಪುವ ಡ್ರೈವರುಗಳನ್ನು ಅವನು ನೋಡಿದ್ದ. ಅಂಥವರ ಕಾರಿನ ಬಂಪರು, ಬಾಗಿಲು, ಕನ್ನಡಿ ಎಲ್ಲಕ್ಕೂ ಗೀರು ಬಿದ್ದಿರುತ್ತವೆ. ಈ ಕಾರಿಗೆ ಗಾಲಿಯದೊಂದು ಬಿಟ್ಟು ಬೇರೆ ಗಾಯವೇ ಇರಲಿಲ್ಲ. ಓಡಿಸುವವನಿಗೆ ತನ್ನ ಗಾಡಿ ಎಲ್ಲಿಗೆ ಮುಟ್ಟುತ್ತದೆಂಬುದು ಇಂಚಿಂಚೂ ಗೊತ್ತಿದೆ.

ಗಾಲಿ ಸರಿಮಾಡಿ ಹಾಕಿ, ಒಂದು ಸುತ್ತು ಓಡಿಸಿ ನೋಡಲೆಂದು ಕಾರಿನೊಳಗೆ ಕೂತ. ಎಡಗಡೆ, ಕಿಟಕಿಯ ಮೇಲೆ ಕೈಯಿಂದ ಹಿಡಿದುಕೊಳ್ಳುವ ಹಿಡಿಕೆ ಒಂದು ಕಡೆ ಕಿತ್ತು ಜೋತಾಡುತ್ತಿತ್ತು. ಹಗುರವಾಗಿ ಹಿಡಿದರೆ ಕೀಳುವಂಥದ್ದಲ್ಲ ಅದು. ಜೋತು ಬಿದ್ದು ಎಳೆದಿರಬೇಕು, ಹಲವು ಸಲ. ಅವನು ಸ್ಕ್ರೂಡ್ರೈವರ್ ತಂದು ಅದನ್ನೂ ಬಿಗಿ ಮಾಡಿದ.

ಕೈ ತೊಳೆದು ಒಳಗೆ ಹೋದಾಗ ಸುಮಂಗಲಾ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಸುಂಕಲಮ್ಮ ನೀರು ಹಿಡಿಯಲು ಹೊರಗೆ ಹೋಗಿದ್ದಳು.

"ಸುಮಾ, ಎಲ್ಲಾ ಚೊಲೋ ಐತಿಲ್ಲವ್ವ?" ಎಂದ.

ಅವಳ ಕೈ ನಿಂತಿತು. "ಗಾಲಿ ನೋಡಿದೇನಪ್ಪ?"

"ನೋಡ್ದೆ."

"ಏನನಸ್ತು?"

ಅವನಿಗೆ ಅನ್ನಿಸಿದ್ದು ಬಾಯಿಯ ತನಕ ಬಂದಿತ್ತು. ಆದರೆ ಅದನ್ನು ಆಡಿಬಿಟ್ಟರೆ ಮುಂದೆ ಏನೇನು ಮಾಡಬೇಕಾಗುತ್ತದೆ ಎಂಬುದೂ ಅದರ ಹಿಂದೆಯೇ ಬಂತು. ಅಳಿಯನನ್ನು ಕೂರಿಸಿ ಕೇಳಬೇಕು. ಬೀಗರ ಮನೆಗೆ ಹೋಗಬೇಕು. ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕು. ಓಣಿಯವರಿಗೆ, ಕುರುಗೋಡಿನವರಿಗೆ ಕಾರಣ ಹೇಳಬೇಕು. ಬರೀ ಒಂದು ಗಾಲಿಯ ಅಂಚು ನೋಡಿ ಇಷ್ಟೆಲ್ಲ ಮಾಡುವುದೇ? ತಪ್ಪಾಗಿದ್ದರೆ?

"ಗಾಡಿ ನಿಧಾನ ಓಡ್ಸಾಕ ಹೇಳವ್ವ ಅವರಿಗೆ," ಎಂದ.

ಸುಮಂಗಲಾ ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. ಆಮೇಲೆ "ಹೂಂ" ಎಂದು ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದಳು.

ಅವರು ಹೊರಟುಹೋದ ಮೇಲೆ ಅವನು ಸುಂಕಲಮ್ಮನಿಗೆ ಹೇಳಿದ. "ಆ ಗಾಲಿ ನಂಗ್ಯಾಕೋ ಸರಿ ಕಾಣವಲ್ದು. ಬೇಕಂತ ಬಡಿದಂಗ ಐತಿ."

"ಗಾಲಿ ನೋಡಿ ಸಂಸಾರ ಹೇಳಾಕ ಹತ್ತಿದೇನು ನೀನು?" ಎಂದಳು ಸುಂಕಲಮ್ಮ. "ಅಂಥಾ ಹುಡುಗ ದೀಪ ಹಚ್ಚಿ ಹುಡುಕಿದ್ರ ಸಿಗಂಗಿಲ್ಲ. ಆಕಿ ಮೈಮ್ಯಾಲ ಒಂದು ಗಾಯ ಐತೇನು? ಕೈ ಕಾಲು ಎಲ್ಲಾ ನೋಡೀನಿ ನಾನು. ಸುಮ್ನ ಇಲ್ಲದ್ದು ತಲಿಯಾಗ ಹಾಕ್ಕೋಬ್ಯಾಡ."

ಮೈಮೇಲೆ ಗಾಯವಿಲ್ಲ ಎಂಬ ಮಾತನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಅದು ಅವನಿಗೆ ಬೇಕಾಗಿತ್ತು.

ಮೂರನೆಯ ಸಲ ಕಾರನ್ನು ಹುಲುಗೇಶನ ಸೈಟಿನ ಡ್ರೈವರೊಬ್ಬ ತಂದುಬಿಟ್ಟ. ಸುಮಂಗಲಾ ಬಂದಿರಲಿಲ್ಲ. ಅವಳಿಗೆ ಮೂರು ತಿಂಗಳು ತುಂಬಿತ್ತು. ತಿರುಗಾಟ ಬೇಡವೆಂದು ಸುಂಕಲಮ್ಮನೇ ಹೇಳಿದ್ದಳು. ಬೆಳಿಗ್ಗೆ ಅಪ್ಪನಿಗೆ ಫೋನು ಮಾಡಿ, "ಗಾಡಿ ಕಳಿಸೀವಪ್ಪ, ಚೆಂದಾಗಿ ನೋಡು," ಎಂದಷ್ಟೇ ಹೇಳಿ ಇಟ್ಟಿದ್ದಳು.

ಎಡಗಡೆಯ ಮುಂದಿನ ಗಾಲಿಯ ಅಂಚು ಈ ಸಲ ಸೀಳಿತ್ತು. ಸುತ್ತಿಗೆಯಿಂದ ತಟ್ಟಿದ, ದನಿ ಸತ್ತಿತ್ತು. ಒತ್ತಿ ಸರಿಮಾಡುವ ಹಾಗಿರಲಿಲ್ಲ. ಅಲಾಯ್ ರಿಮ್ಮು ಹೀಗೆ ಪೆಟ್ಟು ತಿಂದರೆ ಬಿರಿಯುತ್ತದೆ, ಉಕ್ಕಿನದಾದರೆ ಬಗ್ಗುತ್ತದೆಯೇ ಹೊರತು ಬಿರಿಯುವುದಿಲ್ಲ. ಹೊನ್ನೂರಸ್ವಾಮಿ ಯೋಚಿಸಿ, ನಾಲ್ಕೂ ಗಾಲಿಗಳಿಗೆ ಉಕ್ಕಿನ ರಿಮ್ಮು ಹಾಕಿದ. ಅಳಿಯನಿಗೆ ತಾನೇ ಫೋನು ಮಾಡಿ, "ಇವು ಗಟ್ಟಿ ಅದಾವ್ರಿ. ಸಣ್ಣಪುಟ್ಟ ಪೆಟ್ಟಿಗೆ ಏನೂ ಆಗಂಗಿಲ್ಲ," ಎಂದ.

"ನೀವಿರೋತನ ನಮಗೇನು ಚಿಂತಿ ಮಾವ," ಎಂದ ಹುಲುಗೇಶ.

ಅದಾಗಿ ಎರಡು ತಿಂಗಳು. ಒಂದು ಗುರುವಾರ ಸಂಜೆ ನಾಲ್ಕು ಗಂಟೆಗೆ ಸಿರುಗುಪ್ಪದಿಂದ ಫೋನು ಬಂತು. ಕೆಂಚನಗುಡ್ಡದ ದಾರಿಯಲ್ಲಿ ಕಾರು ಸಣ್ಣ ಸೇತುವೆಯ ಕಲ್ಲುಗೋಡೆಗೆ ಹೊಡೆದಿದೆ, ಸುಮಂಗಲಾಳನ್ನು ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದ್ದಾರೆ ಎಂದು. ಆಸ್ಪತ್ರೆಯ ಬಾಗಿಲಲ್ಲಿ ಹೊನ್ನೂರಸ್ವಾಮಿ ಮತ್ತು ಸುಂಕಲಮ್ಮ ಕಾದು ನಿಂತರು. ಆಂಬುಲೆನ್ಸ್ ಬಂದಾಗ ಅವಳಿಗೆ ಎಚ್ಚರವಿತ್ತು. ಎಡಗಡೆಯ ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದಿದ್ದವು. ಐದು ತಿಂಗಳ ಕೂಸು ಉಳಿಯಲಿಲ್ಲ. ಹೆಣ್ಣು ಎಂದು ನರ್ಸ್ ಸುಂಕಲಮ್ಮನ ಕಿವಿಯಲ್ಲಿ ಹೇಳಿದಳು.

ಹುಲುಗೇಶನ ಹಣೆಯ ಮೇಲೆ ಒಂದು ಸಣ್ಣ ಪಟ್ಟಿ ಅಂಟಿಸಿತ್ತು. ಅವನು ಮಾವನ ಎರಡೂ ಕೈ ಹಿಡಿದುಕೊಂಡು ಅತ್ತ. "ಟೈರು ಒಡೀತು ಮಾವ. ನನ್ನ ಕೈಯಾಗ ಇರ್ಲಿಲ್ಲ. ಗಾಡಿ ತಾನ ಎಡಕ್ಕ ಎಳಕೊಂಡು ಹೋತು."

ಅವನ ಅಣ್ಣನೊಬ್ಬ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ: "ಹಳೇ ರಿಮ್ಮು ತೆಗೆದು ಬ್ಯಾರೆ ಹಾಕಿದ್ದು ಇವ್ರ. ಏನು ಹಾಕಿದ್ರೋ ಏನೋ."

ಮಾರನೆಯ ದಿನ ಹೊನ್ನೂರಸ್ವಾಮಿ ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೋದ. ಕಾರನ್ನು ಪೊಲೀಸ್ ಠಾಣೆಯ ಹಿಂದೆ ತಂದು ನಿಲ್ಲಿಸಿದ್ದರು. ಎಡಗಡೆಯ ಬಾಗಿಲು ಒಳಕ್ಕೆ ಹೋಗಿತ್ತು. ಸೀಟಿನ ಮೇಲೆ ಅವಳ ದುಪಟ್ಟಾ ಹಾಗೆಯೇ ಬಿದ್ದಿತ್ತು. ಅವನು ಅದನ್ನು ಮುಟ್ಟಲಿಲ್ಲ. ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

ಒಳಗೊಳಗೆ ಅವನು ಬೇಡಿಕೊಳ್ಳುತ್ತಿದ್ದುದು ಒಂದನ್ನೇ. ಟೈರು ಒಡೆದದ್ದು ನಿಜವಾಗಿರಲಿ. ತಾನು ಹಾಕಿದ ರಿಮ್ಮೇ ಕೆಟ್ಟದ್ದಾಗಿರಲಿ, ತಪ್ಪು ತನ್ನ ಕೈಯದ್ದೇ ಆಗಿರಲಿ.

ಟೈರು ಮೊದಲೇ ಒಡೆದು ಗಾಡಿ ಎಳೆದುಕೊಂಡು ಹೋಗಿದ್ದರೆ, ಗಾಳಿಯಿಲ್ಲದ ಟೈರು ರಿಮ್ಮಿನ ಕೆಳಗೆ ಸಿಕ್ಕು ಸುತ್ತಲೂ ಅರೆದು ಹೋಗಿರಬೇಕು. ರಿಮ್ಮಿನ ಅಂಚು ರಸ್ತೆಗೆ ಉಜ್ಜಿ ಸುತ್ತಲೂ ಸವೆದಿರಬೇಕು. ಅವನು ಪೂರ್ತಿ ಒಂದು ಸುತ್ತು ಬೆರಳಾಡಿಸಿದ. ಎಲ್ಲೂ ಸವೆತವಿರಲಿಲ್ಲ. ಟೈರಿನ ಪಕ್ಕೆ ಸೀಳಿದ್ದು ಒಂದೇ ಕಡೆ, ಕತ್ತಿಯಿಂದ ಕೊಯ್ದ ಹಾಗೆ. ಅದರ ನೇರಕ್ಕೆ ರಿಮ್ಮು ಅಂಗೈಯಷ್ಟು ಒಳಕ್ಕೆ ಬಗ್ಗಿತ್ತು. ಕಲ್ಲಿಗೆ ಹೊಡೆದಾಗ ಟೈರು ಒಡೆದಿದೆ. ಒಡೆದದ್ದಕ್ಕೆ ಕಲ್ಲಿಗೆ ಹೋಗಿಲ್ಲ. ಅಲ್ಲಿಯವರೆಗೆ ಗಾಲಿ ತುಂಬು ಗಾಳಿಯಲ್ಲಿ, ಓಡಿಸುವವನ ಕೈ ತಿರುಗಿಸಿದ ಕಡೆಗೆ ನೆಟ್ಟಗೆ ಹೋಗಿದೆ.

ಬಿಸಿಲೇರುವ ತನಕ ಅವನು ಅಲ್ಲಿಂದ ಏಳಲಿಲ್ಲ. ಕಾನ್‌ಸ್ಟೇಬಲ್ಲೊಬ್ಬ ಬಂದು, "ಯಾರ್ರೀ ನೀವು, ಏನು ಮಾಡಾಕತ್ತೀರಿ?" ಎಂದು ಕೇಳಿದಾಗ, "ಹುಡುಗಿ ಅಪ್ಪ ಅದೀನ್ರಿ," ಎಂದು ಎದ್ದು ಬಂದ.

ಆಸ್ಪತ್ರೆಯಲ್ಲಿ ಸುಮಂಗಲಾಳಿಗೆ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಹುಲುಗೇಶನ ಮನೆಯವರು ಊಟಕ್ಕೆಂದು ಹೊರಗೆ ಹೋದ ಹೊತ್ತು ನೋಡಿ ಹೊನ್ನೂರಸ್ವಾಮಿ ಅವಳ ಮಂಚದ ಪಕ್ಕ ಸ್ಟೂಲು ಎಳೆದುಕೊಂಡ. ಸುಂಕಲಮ್ಮ ಕಾಲ ಬಳಿ ಕೂತಿದ್ದಳು.

"ಸುಮಾ," ಎಂದ. "ಟೈರು ಮೊದ್ಲು ಒಡೆದಿಲ್ಲವ್ವ. ನಾನು ಹೋಗಿ ನೋಡ್ದೆ. ಅಂವ ಬೇಕಂತ ಹೊಡೆದಾನ."

ಅವಳು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಲೇ ಇದ್ದಳು. "ಈಗ ನೋಡಿದೇನಪ್ಪ?" ಎಂದಳು.

ಅವನು ಮಂಚದ ಕಬ್ಬಿಣದ ಅಂಚಿನ ಮೇಲೆ ಬೆರಳಾಡಿಸಿದ.

"ಅಂವ ಕೈಲೆ ಹೊಡೀತಿರ್ಲಿಲ್ಲ," ಎಂದಳು ಸುಮಂಗಲಾ, ಬಹಳ ನಿಧಾನವಾಗಿ. "ಒಂದು ಬೈಗುಳಾನೂ ಇಲ್ಲ. ಸಿಟ್ಟು ಬಂದ್ರ, ನಡಿ ಹಂಗ ಸುತ್ತಾಡಿ ಬರೋಣ ಅಂತಿದ್ದ. ಕಾರಿನಾಗ ಕುಂದ್ರಿಸ್ಕೊಂಡು ಊರು ದಾಟಿದ ಮ್ಯಾಲ ಜೋರು ಮಾಡ್ತಿದ್ದ. ಗಿಡ ಬಂದ್ರ ಗಿಡಕ್ಕ, ಕಲ್ಲು ಬಂದ್ರ ಕಲ್ಲಿಗೆ, ನನ್ನ ಕಡಿ ತರ್ತಿದ್ದ. ಇನ್ನೇನು ಬಡೀತೈತಿ ಅನ್ನೋವಾಗ ತಿರುಗಿಸ್ತಿದ್ದ. ನಾನು ಚೀರಿದ್ರ ನಗ್ತಿದ್ದ. ಒಮ್ಮೊಮ್ಮೆ ಪೂರ್ತಿ ತಿರುಗ್ತಿರ್ಲಿಲ್ಲ."

ಸುಂಕಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ನಮ್ಮ ಮುಂದ ಒಂದು ಮಾತು ಹೇಳಬಾರದಾಗಿತ್ತೇನ ನನ್ನವ್ವ..."

"ಏನಂತ ಹೇಳ್ಲಿ? ಮೈಮ್ಯಾಲ ಗಾಯ ಇರ್ಲಿಲ್ಲ. ಅಂಥಾ ಅಳಿಯ ಇಲ್ಲ ಅಂತ ಊರಿಗೆಲ್ಲ ನೀನ ಹೇಳಿ ಬಂದಿದ್ದಿ. ನಾಲಿಗಿ ಏಳ್ಲಿಲ್ಲ ನಂಗ." ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು. "ಸಿರುಗುಪ್ಪದಾಗ ಟೈರಿನ ಅಂಗಡಿ ಇಲ್ಲೇನಪ್ಪ? ಐವತ್ತೈದು ಕಿಲೋಮೀಟರ್ ದೂರ ನಿನ್ನ ಹತ್ರಾನ ಯಾಕ ತರ್ತಿದ್ವಿ? ನಾನ ಹಟ ಮಾಡ್ತಿದ್ದೆ. ನಮ್ಮಪ್ಪನಂಗ ಯಾರೂ ಮಾಡಂಗಿಲ್ಲ, ಅಲ್ಲಿಗೇ ಒಯ್ಯೋಣ ಅಂತ. ನಾನು ಹೇಳ್ಲಿಲ್ಲಂದ್ರೂ ಗಾಲಿ ಹೇಳ್ತೈತಿ ಅಂತ. ನೋಡಿದ್ರ ನಿಂಗ ತಿಳೀತೈತಿ, ಸುಮಾ ನೀನು ಇಲ್ಲೇ ಇರವ್ವ ಅಂತಿ ಅಂತ."

"ನಂಗ..." ಎಂದ ಹೊನ್ನೂರಸ್ವಾಮಿ.

"ತಿಳೀಲಿಲ್ಲ ಅಂದಿದ್ರ ಬ್ಯಾರೆ ಇತ್ತಪ್ಪ. ಅಡಿಗಿ ಮನ್ಯಾಗ ನಿನ್ನ ಮಾರಿ ನೋಡ್ದೆ. ನಿಂಗ ತಿಳಿದಿತ್ತು."

ಅವನು ಸ್ಟೂಲಿನ ಮೇಲೆ ಹಾಗೆಯೇ ಕೂತ. ಅವಳು ಆಗಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ಮಗ್ಗುಲಾಗಲು ಆಗುತ್ತಿರಲಿಲ್ಲ, ಕುತ್ತಿಗೆಯೊಂದನ್ನೇ ತಿರುಗಿಸಿದ್ದಳು.

ಹೊನ್ನೂರಸ್ವಾಮಿ ಮಾರನೆಯ ದಿನವೇ ಠಾಣೆಗೆ ಹೋಗಿ ಹೇಳಿಕೆ ಕೊಟ್ಟ. ಟೈರು ಒಡೆದು ಆದ ಅಪಘಾತ ಎಂದು ಬರೆದುಕೊಂಡಿದ್ದವರು ಮೊದಲು ಅವನ ಮಾತನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಅವನು ಎಸ್‌ಐಯನ್ನು ಕೈಮುಗಿದು ಕಾರಿನ ಬಳಿ ಕರೆದುಕೊಂಡು ಹೋಗಿ, ಗಾಲಿಯನ್ನು ತೋರಿಸಿ, ಸವೆದಿರಬೇಕಾದ್ದು ಎಲ್ಲಿ, ಸವೆಯದೆ ಉಳಿದದ್ದು ಎಲ್ಲಿ ಎಂದು ಒಂದೊಂದಾಗಿ ಬಿಡಿಸಿ ಹೇಳಿದ. ಆ ವಾರವೇ ಸುಮಂಗಲಾ ಮಂಚದ ಮೇಲಿಂದಲೇ ತನ್ನ ಹೇಳಿಕೆ ಕೊಟ್ಟಳು. ಹುಲುಗೇಶನನ್ನು ಹಿಡಿದರು. ಎರಡು ತಿಂಗಳಿಗೆ ಜಾಮೀನು ಸಿಕ್ಕಿತು.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ವರ್ಷ ಕಳೆದಿತ್ತು. ಸುಮಂಗಲಾ ಊರುಗೋಲು ಹಿಡಿದು ನಡೆಯುತ್ತಿದ್ದಳು. ಎಡಗಾಲು ಒಂದಿಂಚು ಗಿಡ್ಡವಾಗಿತ್ತು. ಅಂದು ಸುಂಕಲಮ್ಮನ ಜೊತೆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಹೊನ್ನೂರಸ್ವಾಮಿ ಸಾಕ್ಷಿಯ ಕಟಕಟೆಯಲ್ಲಿ ನಿಂತು ಗಾಲಿಯ ವಿಷಯವನ್ನೆಲ್ಲ ತಡವರಿಸದೆ ಹೇಳಿದ. ಆಮೇಲೆ ಹುಲುಗೇಶನ ವಕೀಲರು ಪಾಟೀಸವಾಲಿಗೆ ಎದ್ದರು.

"ಇದೇ ಗಾಲಿಯನ್ನು ಇದಕ್ಕೆ ಮುಂಚೆ ನೀವು ಮೂರು ಸಲ ರಿಪೇರಿ ಮಾಡಿದ್ದೀರಿ, ಅಲ್ಲವೇ?"

"ಹೌದ್ರಿ. ಎರಡು ಸಲ ರಿಪೇರಿ, ಮೂರನೇ ಸಲ ಬದಲು ಮಾಡ್ದೆ."

"ಗಾಲಿ ನೋಡಿದರೆ ಬೇಕೆಂದೇ ಹೊಡೆದದ್ದು ತಿಳಿಯುತ್ತದೆ ಎಂದು ಈಗ ಹೇಳುತ್ತೀರಿ. ಹಾಗಾದರೆ ಆಗಲೂ ತಿಳಿದಿರಬೇಕಲ್ಲ? ತಿಳಿದಿದ್ದರೆ ಯಾವ ತಂದೆಯಾದರೂ ಮಗಳನ್ನು ಅದೇ ಕಾರಿನಲ್ಲಿ ವಾಪಸ್ಸು ಕಳಿಸುತ್ತಾನೆಯೇ? ಅಂದರೆ ಆಗ ನಿಮಗೇನೂ ಅನುಮಾನ ಇರಲಿಲ್ಲ. ಈಗ ಕಟ್ಟಿ ಹೇಳುತ್ತಿದ್ದೀರಿ."

ಅನುಮಾನ ಇರಲಿಲ್ಲ ಎಂದರೆ ತನ್ನ ಮರ್ಯಾದೆ ಉಳಿಯುತ್ತಿತ್ತು, ಕೇಸು ಬಿದ್ದುಹೋಗುತ್ತಿತ್ತು. ಹೊನ್ನೂರಸ್ವಾಮಿ ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡ.

"ತಿಳಿದಿತ್ರಿ," ಎಂದ.

"ಜೋರಾಗಿ ಹೇಳಿ," ಎಂದರು ನ್ಯಾಯಾಧೀಶರು. "ಬರೆದುಕೊಳ್ಳಬೇಕು."

"ಎರಡನೇ ಸಲಾನ ನಂಗ ತಿಳಿದಿತ್ರಿ," ಎಂದ ಅವನು, ಆ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ. "ತಿಳಿದೂ ಗಾಲಿ ಸರಿಮಾಡಿ, ಮಗಳನ್ನ ಅದ ಗಾಡ್ಯಾಗ ಕಳಿಸ್ದೆ. ಬಾಯಿ ಬಿಟ್ರ ಮನಿ ಮರ್ಯಾದಿ ಹೋಗತೈತಿ ಅಂತ ಕಳಿಸ್ದೆ."

ಸುಂಕಲಮ್ಮ ಬಿಕ್ಕಿದ್ದು ಹಿಂದಿನಿಂದ ಕೇಳಿಸಿತು. ಸುಮಂಗಲಾ ಇದ್ದ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ವಕೀಲರು ಇನ್ನೂ ಏನೇನೋ ಕೇಳಿದರು, ಅವನು ಉತ್ತರ ಕೊಟ್ಟ. ಏನು ಕೊಟ್ಟನೆಂಬುದು ಆಮೇಲೆ ಅವನಿಗೆ ನೆನಪಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹುಲುಗೇಶನಿಗೆ ಶಿಕ್ಷೆಯಾಯಿತು. ಅವನ ಕಡೆಯವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ. ತೀರ್ಪು ಬಂದ ದಿನ ಓಣಿಯವರು ಬಂದು ಹೊನ್ನೂರಸ್ವಾಮಿಗೆ ಒಳ್ಳೆಯದಾಯಿತು ಎಂದು ಹೇಳಿ ಹೋದರು. ಅವನು ಅವರಿಗೆಲ್ಲ ಚಹಾ ಕೊಡಿಸಿದ.

ಆಸ್ಪತ್ರೆಯಿಂದ ಸುಂಕಲಮ್ಮನ ತವರಿಗೆ ಹೋದ ಸುಮಂಗಲಾ ಬಳ್ಳಾರಿಯ ಮನೆಗೆ ಬರಲೇ ಇಲ್ಲ. ಕುರುಗೋಡಿನಲ್ಲಿ ಒಂದು ಲ್ಯಾಬಿನ ಕೆಲಸ ಹಿಡಿದು, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿಕೊಂಡಿದ್ದಾಳೆ. ಸುಂಕಲಮ್ಮ ತಿಂಗಳಲ್ಲಿ ಹದಿನೈದು ದಿನ ಅಲ್ಲಿಯೇ ಇರುತ್ತಾಳೆ. ಹೊನ್ನೂರಸ್ವಾಮಿ ಪ್ರತಿ ಭಾನುವಾರ ಬಸ್ಸಿಗೆ ಹೋಗುತ್ತಾನೆ. ಮಗಳು ಬಾಗಿಲು ತೆಗೆಯುತ್ತಾಳೆ, ನೀರು ಕೊಡುತ್ತಾಳೆ, ಊಟಕ್ಕೆ ಹಾಕುತ್ತಾಳೆ. ಒಂದು ದಿನವೂ ಗಡಸು ಮಾತಾಡಿಲ್ಲ. ಲ್ಯಾಬಿನಲ್ಲಿ ಜ್ವರದವರು ಜಾಸ್ತಿ, ನಳದಲ್ಲಿ ನೀರು ಮೂರು ದಿನಕ್ಕೊಮ್ಮೆ, ಇಂಥವೇ ಮಾತು.

ಕಳೆದ ಚಳಿಗಾಲದ ಒಂದು ಭಾನುವಾರ ಸುಂಕಲಮ್ಮ ಪಕ್ಕದ ಮನೆಗೆ ಹೋಗಿದ್ದಾಗ, ತಂದೆ ಮಗಳು ಇಬ್ಬರೇ ಇದ್ದರು. ಸುಮಂಗಲಾ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವನು ನೆಲದ ಮೇಲೆ ಕೂತಿದ್ದ.

"ನನ್ನ ಮ್ಯಾಲ ನಿಂಗ ಸಿಟ್ಟು ಐತಿ," ಎಂದ. "ಬೈದುಬಿಡವ್ವ ಒಂದ್ಸಲ."

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಸಿಟ್ಟು ಇಲ್ಲಪ್ಪ. ಕೋರ್ಟಿನಾಗ ನೀನು ಹೇಳಿದ ದಿನಾನ ಹೋತು ಅದು."

"ಮತ್ತ?"

ಅವಳು ಯೋಚಿಸಿದಳು. ಸರಿಯಾದ ಮಾತಿಗೆ ಹುಡುಕುವ ಹಾಗೆ ಕಿಟಕಿಯ ಕಡೆ ನೋಡಿದಳು.

"ಮೊದ್ಲೆಲ್ಲ ನಂಗ ಏನಾರ ಆದ್ರ, ಅಪ್ಪ ಅದಾನ ಅನ್ನಿಸ್ತಿತ್ತು," ಎಂದಳು. "ಈಗ ಹಂಗ ಅನ್ಸಂಗಿಲ್ಲ. ಅಷ್ಟ. ಬೇಕಂತ ಅಲ್ಲಪ್ಪ. ಅನ್ಸಂಗಿಲ್ಲ, ಏನು ಮಾಡ್ಲಿ?"

ಹೊನ್ನೂರಸ್ವಾಮಿ ತಲೆಯಾಡಿಸಿದ. ಅವಳ ಮುಂದಿದ್ದ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ತಾನೂ ಬಿಡಿಸತೊಡಗಿದ. ಇಬ್ಬರೂ ಕೂಡಿ ಎಲ್ಲ ಕಾಯಿಯನ್ನೂ ಬಿಡಿಸಿ ಮುಗಿಸಿದರು. ಸುಮಂಗಲಾ ಗಡಿಯಾರ ನೋಡಿ, ಐದು ಗಂಟೆಯ ಬಸ್ಸು ತಪ್ಪಿದರೆ ಆಮೇಲೆ ಕೂರಲು ಜಾಗ ಸಿಗುವುದಿಲ್ಲ ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು, "ಬರ್ತೀನವ್ವ," ಎಂದ.

"ಹೂಂ," ಎಂದಳು ಅವಳು.

ಅವನು ಬೀದಿಯ ತಿರುವಿನವರೆಗೆ ನಡೆದು ಒಮ್ಮೆ ಹಿಂದಿರುಗಿ ನೋಡಿದ. ಬಾಗಿಲು ಹಾಕಿತ್ತು. ಬಸ್ಸು ಆಗಲೇ ಬಂದು ನಿಂತಿತ್ತು. ಅವನು ಹತ್ತಿ ಕೂತ.